ಅಮೆರಿಕದ ‘ಇನ್‌ಸ್ಟೇಟ್’ ಶುಲ್ಕ: ಕೇಳಿದ್ದೆಷ್ಟು, ಕಾನೂನಿನಲ್ಲಿ ಇರುವುದೆಷ್ಟು?

ಅಮೆರಿಕದ ಯಾವುದೇ ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕದ ಪಟ್ಟಿ ತೆಗೆದು ನೋಡಿ. ಅದೇ ಕೋರ್ಸು, ಅದೇ ಪ್ರೊಫೆಸರ್, ಅದೇ ಬೆಂಚು. ದರ ಮಾತ್ರ ಎರಡು. ಆ ರಾಜ್ಯದವರಿಗೆ ಒಂದು, ಹೊರಗಿನವರಿಗೆ ಇನ್ನೊಂದು. ರಾಜ್ಯದವರ ದರಕ್ಕೆ ಇನ್‌ಸ್ಟೇಟ್ ಶುಲ್ಕ ಎಂದು ಹೆಸರು. ಕಾಲೇಜ್ ಬೋರ್ಡ್ ಎಂಬ ಅಲ್ಲಿನ ಸಂಸ್ಥೆಯ ಲೆಕ್ಕದಂತೆ 2024–25ರಲ್ಲಿ ನಾಲ್ಕು ವರ್ಷದ ಪದವಿ ಕೊಡುವ ಸರ್ಕಾರಿ ಸಂಸ್ಥೆಗಳ ಸರಾಸರಿ ಬೋಧನಾ ಶುಲ್ಕ ರಾಜ್ಯದವರಿಗೆ ವರ್ಷಕ್ಕೆ 11,610 ಡಾಲರ್, ಹೊರರಾಜ್ಯದವರಿಗೆ 30,780 ಡಾಲರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 2025–26ರಲ್ಲಿ ಹೊಸದಾಗಿ ಸೇರಿದ ಹೊರಗಿನ ಪದವಿ ವಿದ್ಯಾರ್ಥಿಯಂತೂ ಎಲ್ಲರೂ ಕಟ್ಟುವ ಶುಲ್ಕದ ಮೇಲೆ ವರ್ಷಕ್ಕೆ 37,602 ಡಾಲರ್ ಹೆಚ್ಚುವರಿ ಕಟ್ಟಬೇಕು. ನಾಲ್ಕು ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್. ರೂಪಾಯಿಯಲ್ಲಿ ಕೋಟಿ ದಾಟುವ ಮೊತ್ತ.

ಇಷ್ಟು ದುಡ್ಡಿನ ವ್ಯವಹಾರದಲ್ಲಿ ಗಾಳಿಮಾತು ಹುಟ್ಟದೆ ಇರುತ್ತದೆಯೇ? ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ, ಬೆಂಗಳೂರಿನ ಕನ್ಸಲ್ಟೆನ್ಸಿ ಕಚೇರಿಗಳಲ್ಲಿ, ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಬ್ಬೊಬ್ಬರದು ಒಂದೊಂದು ಉಪಾಯ. ಇದಕ್ಕೆ ಕಾರಣವೂ ಉಂಟು. ನಮ್ಮಲ್ಲಿ ಸಿಇಟಿ ಸೀಟಿಗೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದ ಪ್ರಮಾಣಪತ್ರ ತಂದು, ಬಿಇಒ ಸಹಿ ಹಾಕಿಸಿದರೆ ಹೆಚ್ಚಿನವರ ಕೆಲಸ ಮುಗಿಯುತ್ತದೆ. ಅದು ವರ್ಷ ಎಣಿಸುವ ನಿಯಮ. ಅಮೆರಿಕದ ನಿಯಮ ವರ್ಷವನ್ನು ಎಣಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತದೆ: ಈ ರಾಜ್ಯಕ್ಕೆ ಏಕೆ ಬಂದಿರಿ? ಬದುಕು ಕಟ್ಟಿಕೊಳ್ಳಲು ಬಂದಿದ್ದರೆ ಒಂದು ದರ, ಬರೀ ಓದಲು ಬಂದಿದ್ದರೆ ಇನ್ನೊಂದು. ಮುಂದಿನ ತಪ್ಪು ಕಲ್ಪನೆಗಳಲ್ಲಿ ಬಹುಪಾಲು ಹುಟ್ಟುವುದು ಈ ಎರಡನೆಯ ಪ್ರಶ್ನೆಯನ್ನು ಮರೆತಾಗ.

1. ತಪ್ಪು ಕಲ್ಪನೆ: ಮಗು ಅಮೆರಿಕದಲ್ಲೇ ಹುಟ್ಟಿದ್ದು, ಪಾಸ್‌ಪೋರ್ಟೂ ಅಲ್ಲಿಯದೇ. ಹಾಗಾಗಿ ಇನ್‌ಸ್ಟೇಟ್ ಶುಲ್ಕ ಖಚಿತ.

ವಾಸ್ತವ: ಪೌರತ್ವ ಕೊಡುವುದು ದೇಶ, ಇನ್‌ಸ್ಟೇಟ್ ದರ ಕೊಡುವುದು ರಾಜ್ಯ. ಕೆಲವು ವರ್ಷ ಅಮೆರಿಕದಲ್ಲಿದ್ದು ಬೆಂಗಳೂರಿಗೆ ಮರಳಿದ ಕುಟುಂಬಗಳು ಎಡವುವುದು ಇಲ್ಲೇ. ಮಗು ಆಸ್ಟಿನ್‌ನಲ್ಲಿ ಹುಟ್ಟಿ ಮೂರನೇ ವರ್ಷಕ್ಕೆ ಜಯನಗರಕ್ಕೆ ಬಂದು, ಇಲ್ಲೇ ಹನ್ನೆರಡನೇ ತರಗತಿ ಮುಗಿಸಿದೆ ಎನ್ನಿ. ಅದು ಅಮೆರಿಕದ ಪ್ರಜೆಯೇ, ಸಂಶಯವಿಲ್ಲ. ಆದರೆ ಸದ್ಯಕ್ಕೆ ಟೆಕ್ಸಸ್‌ನ ನಿವಾಸಿಯಲ್ಲ. ತಂದೆತಾಯಿಯನ್ನು ಅವಲಂಬಿಸಿರುವ ವಿದ್ಯಾರ್ಥಿಯ ವಾಸಸ್ಥಳವನ್ನು ಸಾಮಾನ್ಯವಾಗಿ ತಂದೆತಾಯಿ ಇರುವ ಕಡೆಯಿಂದ ನಿರ್ಧರಿಸುತ್ತಾರೆ. ತಂದೆತಾಯಿ ಜಯನಗರದಲ್ಲಿದ್ದರೆ ಮಗುವೂ ಹೊರಗಿನದೇ.

ಇದಕ್ಕೆ ತದ್ವಿರುದ್ಧ ಚಿತ್ರವೂ ಇದೆ. ಹುಬ್ಬಳ್ಳಿಯಲ್ಲಿ ಹುಟ್ಟಿ, ಆರನೇ ವಯಸ್ಸಿಗೆ, ಉದ್ಯೋಗ ವೀಸಾದವರ ಅವಲಂಬಿತರಿಗೆ ಸಿಗುವ ಎಚ್-4 ವೀಸಾದಲ್ಲಿ ಡಲ್ಲಾಸ್‌ಗೆ ಹೋಗಿ ಅಲ್ಲೇ ಹೈಸ್ಕೂಲು ಮುಗಿಸಿದ ಹುಡುಗಿ ಪ್ರಜೆಯಲ್ಲ, ಆದರೂ ಇನ್‌ಸ್ಟೇಟ್ ದರ ಪಡೆಯಬಲ್ಲಳು. ಒಕ್ಕೂಟ ಸರ್ಕಾರದ ವಿದ್ಯಾರ್ಥಿ ಧನಸಹಾಯ ಮಾತ್ರ ಅವಳಿಗಿಲ್ಲ. ಅದು ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಮತ್ತಿತರ ಕೆಲವು ವರ್ಗದವರ ಪಾಲು. ಜಯನಗರದ ಹುಡುಗ ಆ ಧನಸಹಾಯಕ್ಕೆ ಅರ್ಜಿ ಹಾಕಬಹುದು, ಇನ್‌ಸ್ಟೇಟ್ ದರ ಕೇಳುವಂತಿಲ್ಲ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗಿಲ್ಲ. ಎರಡೂ ಬೇರೆಬೇರೆ ಬಾಗಿಲು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

2. ತಪ್ಪು ಕಲ್ಪನೆ: ಮೊದಲ ವರ್ಷ ಹೆಚ್ಚು ಶುಲ್ಕ ಕಟ್ಟಿದರೆ ಸಾಕು, ಹನ್ನೆರಡು ತಿಂಗಳಾದ ಮೇಲೆ ತಾನಾಗಿ ಇನ್‌ಸ್ಟೇಟ್ ಆಗುತ್ತದೆ.

ವಾಸ್ತವ: ಹೆಚ್ಚಿನ ರಾಜ್ಯಗಳು 12 ತಿಂಗಳ ವಾಸ ಕೇಳುವುದು ನಿಜ. ಮಿನ್ನೆಸೋಟದ ಇಂಥ ಒಂದು ವರ್ಷದ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲೇ ಎತ್ತಿಹಿಡಿದಿದೆ. ಆದರೆ ಆ ಹನ್ನೆರಡು ತಿಂಗಳು ಯಾವ ಬಗೆಯವು ಎಂಬುದು ಮುಖ್ಯ. ಓದುವುದಕ್ಕೆಂದೇ ಬಂದು ಪೂರ್ಣಾವಧಿ ತರಗತಿಗಳಲ್ಲಿ ಕಳೆದ ಕಾಲವನ್ನು ಬಹುತೇಕ ರಾಜ್ಯಗಳು ನೆಲೆಸಿದ ಕಾಲ ಎಂದು ಒಪ್ಪುವುದಿಲ್ಲ. ಆಗಸ್ಟಿನಲ್ಲಿ ಬಂದು ಕ್ಯಾಂಪಸ್ ಹೊರಗೆ ಅಪಾರ್ಟ್‌ಮೆಂಟ್ ಹಿಡಿದು, ಬ್ಯಾಂಕ್ ಖಾತೆ ತೆರೆದು, ಮರುವರ್ಷ ಆಗಸ್ಟಿನಲ್ಲಿ ಅರ್ಜಿ ಹಾಕಿದವನಿಗೆ ಅಧಿಕಾರಿ ಕೇಳುವುದಿಷ್ಟು: ಪ್ರವೇಶ ಸಿಗದಿದ್ದರೆ ನೀವು ಈ ಊರಿಗೆ ಬರುತ್ತಿದ್ದಿರಾ? ಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತಿದೆ? ಬೇಸಿಗೆ ರಜೆಯಲ್ಲಿ ಎಲ್ಲಿದ್ದಿರಿ? ದುಡ್ಡು ಬೇರೆ ರಾಜ್ಯದ ಅಪ್ಪನ ಖಾತೆಯಿಂದ ಬಂದಿದ್ದು, ರಜೆಗೆ ಅಲ್ಲಿಗೇ ಹೋಗಿದ್ದರೆ ಅರ್ಜಿ ಬಿದ್ದುಹೋಗುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತಂದೆತಾಯಿ ರಾಜ್ಯದ ಹೊರಗಿರುವ, 24 ವರ್ಷದೊಳಗಿನ ಪದವಿ ವಿದ್ಯಾರ್ಥಿ ಸಾಮಾನ್ಯವಾಗಿ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತಿದ್ದಾನೆ ಎಂದೂ ತೋರಿಸಬೇಕು. ಹದಿನೆಂಟರ ಹುಡುಗ ಅಲ್ಲಿನ ಬಾಡಿಗೆ, ಊಟ, ಮೇಲೆ ಹೊರರಾಜ್ಯದ ಶುಲ್ಕ ಎಲ್ಲವನ್ನೂ ಸ್ವಂತ ದುಡಿಮೆಯಿಂದ ತೂಗಿಸುವುದು ಎಲ್ಲೋ ಅಪರೂಪ. ನಿಯಮ ಬರೆದವರಿಗೂ ಅದು ಗೊತ್ತು.

3. ತಪ್ಪು ಕಲ್ಪನೆ: ಆ ರಾಜ್ಯದಲ್ಲಿ ಮನೆ ಕೊಂಡರೆ, ತೆರಿಗೆ ಕಟ್ಟಿದರೆ ಅಥವಾ ಚಿಕ್ಕಪ್ಪನ ವಿಳಾಸ ಕೊಟ್ಟರೆ ಆಯಿತು.

ವಾಸ್ತವ: ಮೂರೂ ಬೇರೆಬೇರೆ ವಿಷಯ. ಮನೆ ಕೊಂಡು ಬಾಡಿಗೆಗೆ ಬಿಟ್ಟವರು ಆಸ್ತಿಯ ಮಾಲೀಕರೇ ಹೊರತು ನಿವಾಸಿಗಳಲ್ಲ. ಅದೇ ಮನೆಯಲ್ಲಿ ತಾವೇ ವಾಸವಿದ್ದರೆ ಅದು ಒಳ್ಳೆಯ ಸಾಕ್ಷ್ಯ. ಟೆಕ್ಸಸ್‌ನಲ್ಲಂತೂ ಅದಕ್ಕೆ ಬೆಲೆಯಿದೆ.

ತೆರಿಗೆಯ ವಾದ ಕೇಳಲು ಸರಿ ಎನಿಸುತ್ತದೆ. ರಾಜ್ಯದ ಬೊಕ್ಕಸದಿಂದ ನಡೆಯುವ ವಿಶ್ವವಿದ್ಯಾಲಯ, ಬೊಕ್ಕಸ ತುಂಬಿದವರ ಮಕ್ಕಳಿಗೆ ಕಡಿಮೆ ದರ ಎಂಬುದೇ ಈ ಪದ್ಧತಿಯ ಹಿಂದಿನ ತರ್ಕ ತಾನೇ? ಆದರೂ ನ್ಯೂಜೆರ್ಸಿಯಲ್ಲಿ ಮನೆಮಾಡಿ ದಿನಾ ಹಡ್ಸನ್ ನದಿ ದಾಟಿ ಮ್ಯಾನ್‌ಹಟನ್‌ನಲ್ಲಿ ದುಡಿಯುವವರು ನ್ಯೂಯಾರ್ಕ್ ರಾಜ್ಯಕ್ಕೆ ಆದಾಯ ತೆರಿಗೆ ಕಟ್ಟುತ್ತಾರೆ. ಅಷ್ಟರಿಂದ ಅವರ ಮಕ್ಕಳು ನ್ಯೂಯಾರ್ಕಿನವರಾಗುವುದಿಲ್ಲ. ಟೆಕ್ಸಸ್, ಫ್ಲೋರಿಡಾಗಳಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ, ಇನ್‌ಸ್ಟೇಟ್ ದರ ಮಾತ್ರ ಇದೆ. ತೆರಿಗೆ ಒಂದು ಸಾಕ್ಷ್ಯ, ಅರ್ಹತೆಯಲ್ಲ.

ಇನ್ನು ಚಿಕ್ಕಪ್ಪನ ವಿಳಾಸ. ಕಾನೂನುಬದ್ಧ ಪೋಷಕತ್ವ ಇಲ್ಲದ ಬಂಧುವಿನ ವಿಳಾಸ ಅಂಚೆ ತಲುಪಲು ಮಾತ್ರ ಉಪಯೋಗ. ಫ್ಲೋರಿಡಾ 2021ರಲ್ಲಿ ಒಂದು ವಿನಾಯಿತಿ ತಂದಿತು: ಅಜ್ಜ ಅಥವಾ ಅಜ್ಜಿ ಅಲ್ಲಿನ ನಿವಾಸಿಯಾಗಿದ್ದು, ವಿದ್ಯಾರ್ಥಿ ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಪಡೆದಿದ್ದರೆ ಹೊರರಾಜ್ಯದ ಶುಲ್ಕ ಮನ್ನಾ. ಅದಕ್ಕೂ ಆಗ ಇಡೀ ರಾಜ್ಯಕ್ಕೆ 350 ವಿದ್ಯಾರ್ಥಿಗಳ ಮಿತಿ ಇಟ್ಟಿತ್ತು. ಇಂಥ ಸ್ಪಷ್ಟ ನಿಯಮ ಇಲ್ಲದ ಕಡೆ ಸುಳ್ಳು ವಿಳಾಸ ಬರೆದು ಸಿಕ್ಕಿಬಿದ್ದರೆ ಹಿಂದಿನ ಸೆಮಿಸ್ಟರುಗಳ ವ್ಯತ್ಯಾಸವನ್ನು ವಸೂಲಿ ಮಾಡುತ್ತಾರೆ, ಶಿಸ್ತುಕ್ರಮವೂ ಆಗಬಹುದು. ವೀಸಾದ ಮೇಲಿರುವವರಿಗೆ ಸುಳ್ಳು ಘೋಷಣೆ ಅದಕ್ಕಿಂತ ದುಬಾರಿ.

4. ತಪ್ಪು ಕಲ್ಪನೆ: ದಾಖಲೆಗಳ ಪಟ್ಟಿಯಲ್ಲಿ ಇರುವುದನ್ನೆಲ್ಲ ಮಾಡಿಸಿಟ್ಟುಕೊಂಡರೆ ಒಳ್ಳೆಯದು.

ವಾಸ್ತವ: ಈ ಅಂಶವನ್ನು ಎರಡು ಸಲ ಓದಿ. ವಾಸದ ಪುರಾವೆಗೆ ವಿಶ್ವವಿದ್ಯಾಲಯಗಳು ಕೊಡುವ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಡ್ರೈವಿಂಗ್ ಲೈಸೆನ್ಸ್, ವಾಹನ ನೋಂದಣಿ, ಮನೆಯ ಕರಾರು, ತೆರಿಗೆ ರಿಟರ್ನ್, ಸಂಬಳದ ಚೀಟಿ, ಮತದಾರರ ನೋಂದಣಿ. ಕೊನೆಯದು ಪ್ರಜೆಗಳಿಗೆ ಮಾತ್ರ. ಎಚ್-1ಬಿ (ಉದ್ಯೋಗ), ಎಚ್-4, ಎಫ್-1 (ವಿದ್ಯಾರ್ಥಿ) ವೀಸಾದವರಿರಲಿ, ಗ್ರೀನ್ ಕಾರ್ಡ್ ಇದ್ದವರೂ ಮತದಾರರಾಗಿ ನೋಂದಾಯಿಸಿಕೊಳ್ಳಬಾರದು. ಲೈಸೆನ್ಸ್ ಕಚೇರಿಯ ಅರ್ಜಿಯಲ್ಲಿ ‘ಮತದಾರರ ಪಟ್ಟಿಗೂ ಸೇರಿಸಬೇಕೇ’ ಎಂಬ ಚೌಕ ಇರುತ್ತದೆ. ಪಕ್ಕದ ಸಾಲಿನಲ್ಲಿ ‘ನಾನು ಅಮೆರಿಕದ ಪ್ರಜೆ’ ಎಂಬ ಘೋಷಣೆಯೂ ಇರುತ್ತದೆ. ಆತುರದಲ್ಲಿ ಎರಡಕ್ಕೂ ಗುರುತು ಹಾಕಿ ಸಹಿ ಮಾಡಿದರೆ ಅದು ಪೌರತ್ವದ ಸುಳ್ಳು ಹಕ್ಕುಸಾಧನೆಯಾಗುತ್ತದೆ. ಮುಂದೆ ಗ್ರೀನ್ ಕಾರ್ಡಿಗೆ ಅಡ್ಡ ಬರಬಹುದು, ದೇಶದಿಂದ ಹೊರಹಾಕಲೂ ಕಾರಣವಾಗಬಹುದು. ಶುಲ್ಕ ಉಳಿಸಲು ಹೋಗಿ ನೆಲೆಯನ್ನೇ ಕಳೆದುಕೊಳ್ಳುವ ಕೆಲಸ ಅದು. ಪ್ರಜೆಗಳಲ್ಲದವರು ಪಟ್ಟಿಯ ಉಳಿದ ದಾಖಲೆಗಳನ್ನು ಕೊಟ್ಟರೆ ಸಾಕು.

5. ತಪ್ಪು ಕಲ್ಪನೆ: ಗ್ರೀನ್ ಕಾರ್ಡ್ ಬರುವವರೆಗೆ ವೀಸಾದವರಿಗೆ ಇನ್‌ಸ್ಟೇಟ್ ಇಲ್ಲ.

ವಾಸ್ತವ: ವೀಸಾಗಳಲ್ಲಿ ಎರಡು ಬಗೆ. ಎಫ್-1, ಜೆ-1, ಪ್ರವಾಸಿ ವೀಸಾ ಇವು ಕೆಲಸ ಮುಗಿದ ಮೇಲೆ ಮರಳುತ್ತೇನೆಂದು ಹೇಳಿ ಪಡೆಯುವಂಥವು. ಮರಳುವೆನೆಂದು ಬರೆದುಕೊಟ್ಟವರು ನೆಲೆಸಲು ಬಂದೆ ಎನ್ನುವುದು ಹೊಂದುವುದಿಲ್ಲ. ಎಚ್-1ಬಿ, ಎಚ್-4, ಎಲ್ ವೀಸಾಗಳಲ್ಲಿ ಕಾಯಂ ನೆಲೆಸುವ ಉದ್ದೇಶ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್‌ನಂಥ ರಾಜ್ಯಗಳು ಈ ವೀಸಾದವರನ್ನೂ ಅವರ ಮಕ್ಕಳನ್ನೂ ಉಳಿದ ಷರತ್ತು ಪೂರೈಸಿದರೆ ನಿವಾಸಿಗಳೆಂದು ಒಪ್ಪುತ್ತವೆ.

ಇದರ ಹಿಂದೆ ಒಂದು ಹೋರಾಟವಿದೆ. ವಿಶ್ವಬ್ಯಾಂಕ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರು ಜಿ-4 ವೀಸಾದಲ್ಲಿ ವಾಷಿಂಗ್ಟನ್ ಡಿಸಿ ಸುತ್ತಮುತ್ತ ವರ್ಷಗಟ್ಟಲೆ ನೆಲೆಸಿದ್ದರು. ಅವರ ಮಕ್ಕಳಿಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ವೀಸಾದ ಹೆಸರು ನೋಡಿಯೇ ಇನ್‌ಸ್ಟೇಟ್ ದರ ನಿರಾಕರಿಸುತ್ತಿತ್ತು. ‘ಟೋಲ್ ವಿರುದ್ಧ ಮೊರೇನೋ’ ಪ್ರಕರಣದಲ್ಲಿ 1982ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಈ ನೀತಿಯನ್ನು ತಳ್ಳಿಹಾಕಿತು. ನೆಲೆಸಲು ಒಕ್ಕೂಟದ ಕಾನೂನೇ ಅವಕಾಶ ಕೊಟ್ಟಿರುವಾಗ ರಾಜ್ಯ ಅದರ ಮೇಲೆ ತನ್ನದೊಂದು ಹೊರೆ ಹೇರುವಂತಿಲ್ಲ ಎಂಬುದು ತೀರ್ಪಿನ ತಿರುಳು.

6. ತಪ್ಪು ಕಲ್ಪನೆ: ಎಚ್-4 ಮಗುವಿಗೆ ಒಮ್ಮೆ ಇನ್‌ಸ್ಟೇಟ್ ಸಿಕ್ಕಿತೆಂದರೆ ಪದವಿ ಮುಗಿಯುವವರೆಗೂ ನಿಶ್ಚಿಂತೆ.

ವಾಸ್ತವ: ಚಿಂತೆ ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಬರುತ್ತದೆ. ಎಚ್-4 ತಂದೆ ಅಥವಾ ತಾಯಿಯ ವೀಸಾಕ್ಕೆ ಅಂಟಿಕೊಂಡದ್ದು. ಮಗುವಿಗೆ 21 ತುಂಬಿದರೆ ಅದು ಮುಗಿಯುತ್ತದೆ. ಅಷ್ಟರೊಳಗೆ ಕುಟುಂಬದ ಗ್ರೀನ್ ಕಾರ್ಡ್ ಬಾರದಿದ್ದರೆ ಮೂರನೇ ವರ್ಷದ ಓದಿನ ನಡುವೆ ಎಫ್-1ಗೆ ಬದಲಾಗಬೇಕು. ಭಾರತೀಯರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದ ಎಂದು ಕಾಯುತ್ತಿರುವವರಿಗೆ ಹೇಳಬೇಕಿಲ್ಲ. ಹೀಗೆ ಎಫ್-1ಗೆ ಬದಲಾದಾಗ ಕೆಲವು ಕಡೆ ವಿದ್ಯಾರ್ಥಿಯನ್ನು ಹೊರಗಿನವನೆಂದು ಮರುವರ್ಗೀಕರಿಸುತ್ತಾರೆ. ಅದೇ ಊರು, ಅದೇ ಮನೆ, ಅದೇ ಅಪ್ಪಅಮ್ಮ. ಶುಲ್ಕ ಮಾತ್ರ ಎರಡು ಮೂರು ಪಟ್ಟು. ವಯಸ್ಸನ್ನು ಲೆಕ್ಕಹಾಕುವಾಗ ಕೆಲವರಿಗೆ 2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾಯ್ದೆ ಸ್ವಲ್ಪ ಉಸಿರು ಕೊಡುತ್ತದೆ, ಎಲ್ಲರಿಗೂ ಅಲ್ಲ. ಆದ್ದರಿಂದ ಕಾಲೇಜು ಆರಿಸುವ ಮೊದಲೇ ಕೇಳಬೇಕಾದ ಪ್ರಶ್ನೆ: ನಡುವೆ ವೀಸಾ ಬದಲಾದರೆ ನಮ್ಮ ವರ್ಗ ಏನಾಗುತ್ತದೆ? ಉತ್ತರ ಬರಹದಲ್ಲಿರಲಿ.

7. ತಪ್ಪು ಕಲ್ಪನೆ: ದಾಖಲೆ ಇಲ್ಲದ ವಲಸಿಗರಿಗೆ ಪ್ರಜೆಗಳಿಗೂ ಇಲ್ಲದ ರಿಯಾಯಿತಿ ಕೊಡುತ್ತಾರೆ.

ವಾಸ್ತವ: 1996ರ ಒಕ್ಕೂಟ ಕಾನೂನು ಇದನ್ನೇ ತಡೆಯುತ್ತದೆ. ಕಾನೂನುಬದ್ಧ ಸ್ಥಾನಮಾನ ಇಲ್ಲದವರಿಗೆ ರಾಜ್ಯದಲ್ಲಿ ವಾಸವಿದ್ದಾರೆ ಎಂಬ ಆಧಾರದಲ್ಲಿ ಉನ್ನತ ಶಿಕ್ಷಣದ ಸೌಲಭ್ಯ ಕೊಟ್ಟರೆ, ಯಾವ ರಾಜ್ಯದ ಪ್ರಜೆಗೂ ಅದೇ ಸೌಲಭ್ಯ ಸಿಗುವಂತಿರಬೇಕು ಎನ್ನುತ್ತದೆ ಅದು. ಇದನ್ನು ಗಮನದಲ್ಲಿಟ್ಟು ಕ್ಯಾಲಿಫೋರ್ನಿಯಾ 2001ರಲ್ಲಿ ವಾಸವನ್ನು ಬಿಟ್ಟು ಹೈಸ್ಕೂಲನ್ನು ಅಳತೆಗೋಲು ಮಾಡಿಕೊಂಡಿತು: ರಾಜ್ಯದಲ್ಲಿ ಮೂರು ವರ್ಷ ಹೈಸ್ಕೂಲು ಓದಿ ಉತ್ತೀರ್ಣರಾಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಓದಿ ಆಮೇಲೆ ಬೇರೆ ರಾಜ್ಯಕ್ಕೆ ಹೋದ ಅಮೆರಿಕದ ಪ್ರಜೆಗೂ ಇದು ಅನ್ವಯಿಸುವುದರಿಂದ ರಾಜ್ಯದ ಸುಪ್ರೀಂ ಕೋರ್ಟ್ 2010ರಲ್ಲಿ ಕಾನೂನನ್ನು ಎತ್ತಿಹಿಡಿಯಿತು.

ಈ ನೆಲ ಈಗ ಅಲುಗಾಡುತ್ತಿದೆ. 2001ರಲ್ಲಿ ಗವರ್ನರ್ ರಿಕ್ ಪೆರಿ ಸಹಿಯೊಂದಿಗೆ ದೇಶದಲ್ಲೇ ಮೊದಲು ಇಂಥ ಕಾನೂನು ತಂದ ಟೆಕ್ಸಸ್‌ನಲ್ಲಿ, 2025ರ ಜೂನ್ 4ರಂದು ಒಕ್ಕೂಟ ಸರ್ಕಾರ ದಾವೆ ಹೂಡಿತು, ರಾಜ್ಯ ಒಪ್ಪಿಕೊಂಡಿತು, ಅದೇ ದಿನ ನ್ಯಾಯಾಲಯ ಕಾನೂನುಬದ್ಧ ಸ್ಥಾನಮಾನ ಇಲ್ಲದವರಿಗೆ ಆ ಸೌಲಭ್ಯ ತಡೆಯಿತು. ಫ್ಲೋರಿಡಾ 2014ರಲ್ಲಿ ಕೊಟ್ಟಿದ್ದ ಇಂಥದೇ ಮನ್ನಾವನ್ನು 2025ರ ಜುಲೈನಿಂದ ಹಿಂತೆಗೆದುಕೊಂಡಿತು. ಹೋದ ವರ್ಷದ ಮಾಹಿತಿ ನಂಬಿ ಕೂರುವ ಕಾಲ ಇದಲ್ಲ.

8. ತಪ್ಪು ಕಲ್ಪನೆ: ಸೇರುವಾಗ ಹೊರಗಿನವರೆಂದು ಬರೆದರೆ ಮುಗಿಯಿತು, ಕೊನೆಯವರೆಗೂ ಹೊರಗಿನವರೇ.

ವಾಸ್ತವ: ಒಂದು ಕಾಲದಲ್ಲಿ ಕನೆಕ್ಟಿಕಟ್ ಹೀಗೇ ಮಾಡುತ್ತಿತ್ತು. ಕ್ಲೈನ್ ಎಂಬ ವಿದ್ಯಾರ್ಥಿನಿ ಕ್ಯಾಲಿಫೋರ್ನಿಯಾದಿಂದ ಅರ್ಜಿ ಹಾಕಿ, ಕನೆಕ್ಟಿಕಟ್ ನಿವಾಸಿಯನ್ನು ಮದುವೆಯಾಗಿ ಅಲ್ಲೇ ನೆಲೆಸಿದಳು. ಲೈಸೆನ್ಸ್, ಕಾರಿನ ನೋಂದಣಿ, ಮತ ಎಲ್ಲವೂ ಅಲ್ಲಿಯದೇ. ಅರ್ಜಿಯ ದಿನ ವಿಳಾಸ ಹೊರಗಿತ್ತೆಂಬ ಒಂದೇ ಕಾರಣಕ್ಕೆ ಓದು ಮುಗಿಯುವವರೆಗೂ ಹೊರಗಿನವಳೆಂದೇ ಎಣಿಸಲಾಗಿತ್ತು. 1973ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದುಮಾಡಿತು: ರಾಜ್ಯ ಕಟ್ಟುನಿಟ್ಟಾಗಿರಬಹುದು, ಆದರೆ ವಿದ್ಯಾರ್ಥಿ ತಾನು ನಿವಾಸಿಯೆಂದು ಸಾಬೀತುಪಡಿಸುವ ಅವಕಾಶವನ್ನೇ ಮುಚ್ಚುವಂತಿಲ್ಲ. ಇವತ್ತಿಗೂ ಮರುವರ್ಗೀಕರಣದ ಅರ್ಜಿ, ಮೇಲ್ಮನವಿ ಇರುವುದು ಈ ನ್ಯಾಯದ ಮೇಲೆಯೇ. ತಂದೆತಾಯಿ ಕೆಲಸ ಬದಲಿಸಿ ಆ ರಾಜ್ಯಕ್ಕೇ ಬಂದರೆ, ವಿದ್ಯಾರ್ಥಿ ಓದು ನಿಲ್ಲಿಸಿ ಅಲ್ಲೇ ದುಡಿದು ಬದುಕಿದ್ದರೆ, ಮತ್ತೆ ಕೇಳಬಹುದು.

9. ತಪ್ಪು ಕಲ್ಪನೆ: ಕರ್ನಾಟಕದಿಂದ ಎಫ್-1ನಲ್ಲಿ ಹೋದವರು ಪೂರ್ತಿ ಶುಲ್ಕ ತೆರಲೇಬೇಕು.

ವಾಸ್ತವ: ಎಫ್-1 ವಿದ್ಯಾರ್ಥಿ ನಿವಾಸಿಯಾಗುವುದಿಲ್ಲ, ಆದರೆ ನಿವಾಸಿಯ ದರ ಪಡೆಯಲು ಬೇರೆ ದಾರಿಗಳಿವೆ. ನಮ್ಮ ಎಂಜಿನಿಯರಿಂಗ್ ಪದವೀಧರರು ಗುಂಪುಗುಂಪಾಗಿ ಹೋಗುವ ಟೆಕ್ಸಸ್ ಅನ್ನೇ ನೋಡಿ. ಅಲ್ಲಿನ ಕಾನೂನಿನಂತೆ ವಿಶ್ವವಿದ್ಯಾಲಯದ ಸ್ಪರ್ಧಾತ್ಮಕ ವಿದ್ಯಾರ್ಥಿವೇತನ ಕನಿಷ್ಠ 1,000 ಡಾಲರ್ ಸಿಕ್ಕಿದರೆ ಹೊರಗಿನ ವಿದ್ಯಾರ್ಥಿಗೂ ರಾಜ್ಯದವರ ದರ ಅನ್ವಯವಾಗಬಹುದು. ಸಾವಿರ ಡಾಲರಿನ ಬಹುಮಾನ ಹಲವು ಸಾವಿರ ಡಾಲರ್ ಉಳಿಸುತ್ತದೆ. ಇಂಥವರ ಸಂಖ್ಯೆಗೆ ಮಿತಿ ಇರುವುದರಿಂದ ಬೇಗ ಅರ್ಜಿ ಹಾಕಿದವರಿಗೆ ಲಾಭ. ಅರ್ಧಾವಧಿ ಬೋಧನಾ ಸಹಾಯಕ ಅಥವಾ ಸಂಶೋಧನಾ ಸಹಾಯಕ ಹುದ್ದೆ ಸಿಕ್ಕಿದವರಿಗೂ ಅಲ್ಲಿ ಅದೇ ದರ. ಬೇರೆ ರಾಜ್ಯಗಳಲ್ಲೂ ಸಹಾಯಕ ಹುದ್ದೆಯೊಂದಿಗೆ ಶುಲ್ಕ ಮನ್ನಾ ಕೊಡುವ ವಿಭಾಗಗಳು ಬಹಳ. ಪ್ರವೇಶಪತ್ರದಲ್ಲಿ ಮೊದಲು ಓದಬೇಕಾದ ಸಾಲು ಅದೇ.

10. ತಪ್ಪು ಕಲ್ಪನೆ: ಸ್ವಂತ ರಾಜ್ಯ ಬಿಟ್ಟರೆ ಎಲ್ಲೆಡೆ ಪೂರ್ತಿ ಹೊರರಾಜ್ಯದ ದರ.

ವಾಸ್ತವ: ನೆರೆಯ ರಾಜ್ಯಗಳ ನಡುವೆ ಒಪ್ಪಂದಗಳಿವೆ. ಪಶ್ಚಿಮದ ರಾಜ್ಯಗಳ ಪದವಿ ವಿನಿಮಯ ಯೋಜನೆಯಲ್ಲಿ ಆಯ್ಕೆಯಾದವರು ಇನ್‌ಸ್ಟೇಟ್ ದರದ ಒಂದೂವರೆ ಪಟ್ಟಿಗಿಂತ ಹೆಚ್ಚು ಕಟ್ಟಬೇಕಿಲ್ಲ. ಮಧ್ಯಪಶ್ಚಿಮ, ನ್ಯೂ ಇಂಗ್ಲೆಂಡ್, ದಕ್ಷಿಣದ ರಾಜ್ಯಗಳಲ್ಲೂ ಇಂಥವಿವೆ. ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ತಮ್ಮೊಳಗೇ ಒಪ್ಪಂದ ಮಾಡಿಕೊಂಡಿವೆ. ಎಲ್ಲ ಕಾಲೇಜು, ಎಲ್ಲ ಕೋರ್ಸು ಇದರಲ್ಲಿರುವುದಿಲ್ಲ. ಬೇಡಿಕೆಯ ಕಂಪ್ಯೂಟರ್ ವಿಜ್ಞಾನ, ನರ್ಸಿಂಗ್‌ಗಳನ್ನು ಎಷ್ಟೋ ಕಡೆ ಹೊರಗಿಟ್ಟಿರುತ್ತಾರೆ. ಸೇನೆಯಲ್ಲಿರುವವರು ಮತ್ತು ಅವರ ಅವಲಂಬಿತರಿಗೆ ನಿಯೋಜನೆಯಾದ ರಾಜ್ಯದಲ್ಲಿ ಇನ್‌ಸ್ಟೇಟ್ ದರ ಕೊಡಬೇಕೆಂದು 2008ರ ಒಕ್ಕೂಟ ಕಾನೂನೇ ಹೇಳುತ್ತದೆ.

11. ತಪ್ಪು ಕಲ್ಪನೆ: ಪ್ರವೇಶ ಸಿಕ್ಕಮೇಲೆ ನೋಡಿಕೊಂಡರಾಯಿತು, ಕೌನ್ಸೆಲರ್ ‘ಆಗುತ್ತೆ’ ಎಂದಿದ್ದಾರೆ.

ವಾಸ್ತವ: ಪ್ರವೇಶ ಕೊಡುವವರು ಒಬ್ಬರು, ವಾಸಸ್ಥಳ ನಿರ್ಧರಿಸುವವರು ಇನ್ನೊಬ್ಬರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರತಿ ಕ್ಯಾಂಪಸ್ಸಿನಲ್ಲಿ ರೆಸಿಡೆನ್ಸ್ ಡೆಪ್ಯುಟಿ ಎಂಬ ಅಧಿಕಾರಿ ಇರುತ್ತಾರೆ; ನಿರ್ಧಾರ ಅವರದು, ಬೇರೆ ಯಾರ ಮಾತಿಗೂ ಬೆಲೆಯಿಲ್ಲ. ಉತ್ತರ ಕೆರೊಲಿನಾದಲ್ಲಿ ಕಾಲೇಜುಗಳನ್ನೇ ಕೇಳುವಂತಿಲ್ಲ. ಇಡೀ ರಾಜ್ಯಕ್ಕೆ ಒಂದೇ ನಿರ್ಧಾರ ಸೇವೆ, ಅಲ್ಲಿ ಪಡೆದ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಬೇಕು. ಹನ್ನೆರಡು ತಿಂಗಳನ್ನು ತರಗತಿ ಆರಂಭದಂಥ ಒಂದು ಗೊತ್ತಾದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಹೊಸ ರಾಜ್ಯಕ್ಕೆ ಸೆಪ್ಟೆಂಬರಿನಲ್ಲಿ ಮನೆ ಬದಲಿಸಿದವರು ಮುಂದಿನ ಆಗಸ್ಟಿಗೆ ಕೆಲವೇ ದಿನ ಕಡಿಮೆ ಬಿದ್ದು ಇಡೀ ಸೆಮಿಸ್ಟರಿನ ವ್ಯತ್ಯಾಸ ತೆರುವುದುಂಟು. ತಿರಸ್ಕಾರ ಬಂದರೆ ಮೇಲ್ಮನವಿಗೂ ಗಡುವಿರುತ್ತದೆ.

ಕೊನೆಗೆ ಮೂರು ಮಾತು. ಮಗು ಹತ್ತನೇ ತರಗತಿಯಲ್ಲಿರುವಾಗಲೇ ನಿಮ್ಮ ರಾಜ್ಯದ ನಿಯಮವನ್ನು ಮೂಲದಲ್ಲೇ ಓದಿ. ಕರಾರು, ರಿಟರ್ನ್, ಲೈಸೆನ್ಸ್, ವೀಸಾ ಪತ್ರಗಳನ್ನು ದಿನಾಂಕದ ಪ್ರಕಾರ ಒಂದು ಕಡತದಲ್ಲಿಡಿ. ಸಂದೇಹ ಬಂದರೆ ನೇರವಾಗಿ ವಾಸಸ್ಥಳ ನಿರ್ಧರಿಸುವ ಕಚೇರಿಗೇ ಬರೆದು ಉತ್ತರ ಪಡೆದುಕೊಳ್ಳಿ. ಪಕ್ಕದ ಮನೆಯವರ ಮಗನಿಗೆ ಸಿಕ್ಕಿತೆಂದರೆ ಅದು ಅವನ ರಾಜ್ಯ, ಅವನ ವೀಸಾ, ಅವನ ವರ್ಷದ ಲೆಕ್ಕ. ನಿಮ್ಮ ಮಗುವಿನ ಅರ್ಜಿ ನಿಲ್ಲುವುದು ನಿಮ್ಮ ಕಡತದ ಮೇಲೆ.